ಮಾವನ ಕಾರಿಗೆ ಎದುರುಗಾಳಿ

ಸುಳ್ಳು ಹೇಳುವವರು ಸಾಮಾನ್ಯವಾಗಿ ಬಾಯಿ ಖಾಲಿ ಮಾಡಿಕೊಂಡು ಹೇಳುತ್ತಾರೆ. ಚೀಟಿ ಮಾತ್ರ ಬಾಯಲ್ಲಿ ತುತ್ತು ಇರುವಾಗಲೇ ಹೇಳಿದ. ಹಾಗಾಗಿ ಅದನ್ನು ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳಿದ್ದು ಊಟದ ಮೇಜಿನ ಸುತ್ತ ಕೂತಿದ್ದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

"ರ‍್ಯಾಮ್ ಏರ್ ತಾನೆ? ಯಾವುದು ಹಾಕಿಸ್ಬೇಕು ಅಂತ ನಾನು ಆಗ್ಲೇ ಆರಿಸಿಟ್ಟಿದ್ದೀನಿ."

ಚೀಟಿ ಎಂಬುದು ಅವನ ಹೆಸರಲ್ಲ, ಕೆಲಸ. ದೊಡ್ಡ ಕಟ್ಟಡಗಳೊಳಗೆ ಗಾಳಿ ಸಾಗಿಸುವ ತಗಡಿನ ನಾಳಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಹದಿನಾಲ್ಕು ವರ್ಷದಿಂದ ನಾಳಗಳಿಗೆ ಚೀಟಿ ಅಂಟಿಸುತ್ತಿದ್ದ. 'ಮೂರನೇ ಮಹಡಿ, ಪೂರ್ವ.' 'ಅಡುಗೆಮನೆ, ಹೊರಕ್ಕೆ.' 'ಪರೀಕ್ಷಿಸಲಾಗಿದೆ.' ನಾಳ ಮಾಡುವವರು ಬೇರೆ, ಪರೀಕ್ಷಿಸುವವರು ಬೇರೆ. ಆದರೆ ಹೆಂಡತಿಯ ತವರಿನಲ್ಲಿ ಈ ವಿವರಗಳನ್ನು ಯಾರೂ ಕೇಳಿರಲಿಲ್ಲ, ಕೇಳದ್ದನ್ನು ಹೇಳುವ ಚಾಳಿ ಅವನಿಗೂ ಇರಲಿಲ್ಲ. ಮದುವೆಯ ಮಾತುಕತೆಯಲ್ಲಿ 'ಹುಡುಗನದು ಗಾಳಿಯ ಕೆಲಸ' ಎಂದಷ್ಟೇ ಹೇಳಿದ್ದರು. ಅಂದಿನಿಂದ ಆ ಮನೆಯಲ್ಲಿ ಫ್ಯಾನು ಯಾಕೆ ಕಿರುಗುಟ್ಟುತ್ತದೆ, ಯಾವ ಕಿಟಕಿ ತೆಗೆದರೆ ಬಚ್ಚಲು ಒಣಗುತ್ತದೆ ಎಂಬ ಪ್ರಶ್ನೆಗಳೆಲ್ಲ ಅವನ ಬಳಿಗೇ ಬರುತ್ತಿದ್ದವು. ಅವನೂ ಹುಬ್ಬು ಗಂಟಿಕ್ಕಿ ಉತ್ತರ ಕೊಡುತ್ತಿದ್ದ.

ಆ ದಿನದ ಪ್ರಶ್ನೆ ಬಚ್ಚಲಿನದಾಗಿರಲಿಲ್ಲ, ಮಾವನ ಕಾರಿನದಾಗಿತ್ತು. ಮಾವ ನಲವತ್ತು ವರ್ಷ ರೈಲು ಓಡಿಸಿ ನಿವೃತ್ತರಾದವರು. ಅಷ್ಟೂ ವರ್ಷ ಹಳಿ ಕರೆದಲ್ಲಿಗೆ ಹೋದ ಮನುಷ್ಯ, ಇನ್ನಾದರೂ ತಾನಾಗಿ ಎಡಕ್ಕೋ ಬಲಕ್ಕೋ ತಿರುಗಬೇಕೆಂಬ ಆಸೆಯಿಂದ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎರಡೇ ಬಾಗಿಲು. ಗದ್ದವನ್ನು ನೆಲಕ್ಕೆ ಊರಿ ಮಲಗಿದ ನಾಯಿಯ ಹಾಗೆ ನಿಂತಿರುತ್ತಿತ್ತು. ಹನ್ನೆರಡು ವರ್ಷದ ಮೇಲೆ ಈಗ ಕಣ್ಣಿನ ಡಾಕ್ಟರು ಮಾವನ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದಿದ್ದರು. ಕಾರು ಒಂದು, ಅಳಿಯಂದಿರು ಇಬ್ಬರು.

ದೊಡ್ಡಳಿಯ, ಅಂದರೆ ಚೀಟಿಯ ಷಡ್ಡಕ, ಹಲ್ಲಿನ ಡಾಕ್ಟರು. ಈ ಮೊದಲು ಎರಡು ಕಾರು ಇಟ್ಟಿದ್ದವನು. ಒಂದು ಈಗ ಕಾಲುವೆಯ ತಳದಲ್ಲಿದೆ, ಇನ್ನೊಂದರ ಗುರುತು ದೀಪದ ಕಂಬವೊಂದರ ಮೇಲೆ ಉಳಿದಿದೆ. ಅವನೇ ಊಟದ ಮಧ್ಯೆ, ಕಾರು ತನಗೆ ಬಂದರೆ ಮೊದಲು ರ‍್ಯಾಮ್ ಏರ್ ಹಾಕಿಸುತ್ತೇನೆ ಎಂದದ್ದು. ಹಾಗಂದರೇನೆಂದು ಮಾವ ತಲೆ ಎತ್ತಿದರು. ಕಾರು ಓಡುವ ರಭಸದಿಂದಲೇ ಎದುರುಗಾಳಿಯನ್ನು ಬಾಯ್ತೆರೆದು ಹಿಡಿದು ಇಂಜಿನ್ನಿನ ಗಂಟಲಿಗೆ ತುರುಕುವ ಏರ್ಪಾಡು, ಗಾಳಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು ಎಂದು ಡಾಕ್ಟರು ಚಮಚ ಎತ್ತಿ ವಿವರಿಸಿದ. ಗಾಳಿ ಎಂಬ ಶಬ್ದ ಬಂದ ಕೂಡಲೇ ಮೇಜಿನ ಸುತ್ತಲ ಎಲ್ಲ ಮುಖಗಳೂ ಚೀಟಿಯ ಕಡೆ ತಿರುಗಿದವು. ಅವನು ತುತ್ತು ನುಂಗುವಷ್ಟೂ ಕಾಯದೆ ಆ ಮಾತಾಡಿಬಿಟ್ಟ.

ಮಾವ ನ್ಯಾಯಾಧೀಶರ ಹಾಗೆ ಕೈ ಒರೆಸಿಕೊಂಡರು. ಊರಾಚೆ ಪಾಳು ಬಿದ್ದ ವಿಮಾನ ನಿಲ್ದಾಣದಲ್ಲಿ ಭಾನುವಾರ ಭಾನುವಾರ ಮೋಟಾರು ಕ್ಲಬ್ಬಿನವರು ಒಂದೊಂದೇ ಕಾರನ್ನು ಸುತ್ತು ಹೊಡೆಸಿ ವೇಗ ಬರೆದಿಡುತ್ತಾರೆ. ಬರುವ ಭಾನುವಾರ ದೊಡ್ಡಳಿಯಂದಿರು, ಅದರಾಚೆಯ ಭಾನುವಾರ ಚಿಕ್ಕಳಿಯಂದಿರು. ಅವರವರ ರ‍್ಯಾಮ್ ಏರ್ ಅವರವರೇ ಹಾಕಿಸಿಕೊಳ್ಳಲಿ. ಎರಡು ಸಲವೂ ಪಕ್ಕದ ಸೀಟಿನಲ್ಲಿ ತಾವೇ ಕೂರುತ್ತೇವೆ, ಕೂತು ನೋಡಿ ಕಾರು ಯಾರಿಗೆಂದು ಹೇಳುತ್ತೇವೆ ಎಂದು ತೀರ್ಮಾನ ಕೊಟ್ಟರು.

ಚೀಟಿಗೆ ವೇಗದ ಹಂಬಲವಿತ್ತೆಂದು ಯಾರೂ ತಪ್ಪು ತಿಳಿಯಬಾರದು. ಹನ್ನೆರಡು ವರ್ಷದಿಂದ ಅವನು ಪ್ರತಿ ಭಾನುವಾರ ಆ ಕಾರನ್ನು ತೊಳೆದಿದ್ದ. ತೊಳೆದಾದ ಮೇಲೆ ಒಳಗೆ ಕೂತು ಬಾಗಿಲು ಎಳೆದುಕೊಳ್ಳುತ್ತಿದ್ದ. ವಾರವಿಡೀ ತಗಡಿನ ಮೇಲೆ ಸುತ್ತಿಗೆ ಬೀಳುವುದನ್ನು ಕೇಳಿದ ಕಿವಿಗೆ ಆ ಕಾರಿನೊಳಗಿನ ಮೌನದಂಥದ್ದು ಲೋಕದಲ್ಲಿ ಇನ್ನೊಂದಿರಲಿಲ್ಲ. ಬೇಸಿಗೆಯಲ್ಲಿ ಸೀಟಿನ ಚರ್ಮದ ವಾಸನೆ ಹೇಗಿರುತ್ತದೆ, ಚಳಿಯಲ್ಲಿ ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಂಥ ಕಾರು ಡಾಕ್ಟರ ಕೈಗೆ ಹೋದರೆ ಅದಕ್ಕೆ ಕಾಲುವೆಯೋ ಕಂಬವೋ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಮನೆಗೆ ಬಂದ ಮೇಲೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು.

"ರೀ, ನೀವು ಯಾವತ್ತಾದ್ರೂ ಅರವತ್ತು ದಾಟಿಸಿದ್ದೀರಾ?"

"ಒಂದ್ಸಲ ದಾಟಿದೆ. ಇಳಿಜಾರಿತ್ತು."

ಮರುದಿನ ಚೀಟಿ ಕಾರಿನ ಬಿಡಿಭಾಗಗಳ ಅಂಗಡಿಗೆ ಹೋದ. ಅಂಗಡಿಯವನು ತೆಳ್ಳಗೆ, ಗಂಭೀರವಾಗಿ, ಹರಕೆ ಹೊತ್ತವನ ಹಾಗೆ ಪ್ರಾಮಾಣಿಕನಾಗಿದ್ದ. ವ್ಯಾಪಾರಿಗೆ ಈ ಗುಣ ಇದ್ದರೆ ಗಿರಾಕಿಗೆ ಬಹಳ ತೊಂದರೆ. ಅವನು ಮೂರು ಬಗೆ ಇವೆ ಎಂದು ಮೂರು ಬೆರಳು ಎತ್ತಿದ. ಮೊದಲನೆಯದಕ್ಕೆ ಬಾನೆಟ್ ಕೊಯ್ದು ಮೇಲೊಂದು ಮೂಗು ಕೂರಿಸಬೇಕು. ಬಾನೆಟ್ ಕೊಯ್ಯುವುದು ಎಂಬ ಮಾತಿಗೇ ಚೀಟಿ ಕೌಂಟರ್ ಹಿಡಿದುಕೊಂಡ. ಎರಡನೆಯದರ ಬಾಯಿ ಬಂಪರಿನ ಕೆಳಗೆ ಬರುತ್ತದೆ. ಗಾಳಿ ತಣ್ಣಗಿರುತ್ತದೆ, ಆದರೆ ರಸ್ತೆಯಲ್ಲಿ ನೀರು ನಿಂತಿದ್ದರೆ ಇಂಜಿನ್ನು ಅದನ್ನೂ ಕುಡಿಯುತ್ತದೆ, ಕುಡಿದ ಇಂಜಿನ್ನು ಮತ್ತೆ ಏಳುವುದಿಲ್ಲ. ಮೂರನೆಯದಕ್ಕೆ ಒಂದು ಕಡೆಯ ಹೆಡ್‌ಲೈಟನ್ನೇ ಕಿತ್ತು ಆ ತೂತಿನಲ್ಲಿ ಕೊಳವೆ ಇಡಬೇಕು.

"ಒಂದು ಕಣ್ಣು ಕೊಟ್ಟು ಒಂದು ಮೂಗು ತಗೊಂಡ ಹಾಗೆ, ಸಾರ್," ಎಂದು ಅವನೇ ಬೇಸರಪಟ್ಟ.

ಚೀಟಿ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಕಾರಿಗೆ ನೋವಾಗದ ನಾಲ್ಕನೆಯದೇನಾದರೂ ಇದೆಯೇ ಎಂದು ಕೇಳಿದ. ಎಷ್ಟು ವೇಗದಲ್ಲಿ ಓಡಿಸುತ್ತೀರಿ ಎಂದು ಅಂಗಡಿಯವನು ಮರುಪ್ರಶ್ನೆ ಹಾಕಿದ. ರ‍್ಯಾಮ್ ಏರ್ ಎಂಬುದಕ್ಕೆ ಅರ್ಥ ಬರುವುದು ನೂರಿಪ್ಪತ್ತು ದಾಟಿದ ಮೇಲೆಯೇ, ಅದಕ್ಕಿಂತ ಕೆಳಗೆ ಅದು ಬರೀ ಅಲಂಕಾರ ಎಂದೂ ಸೇರಿಸಿದ. ಚೀಟಿ ಆ ಕಡೆ ಈ ಕಡೆ ನೋಡಿ, ಬೇರೆ ಗಿರಾಕಿಗಳಿಲ್ಲವೆಂದು ಖಾತ್ರಿಯಾದ ಮೇಲೆ ತಗ್ಗಿದ ದನಿಯಲ್ಲಿ, ನಲವತ್ತೈದಕ್ಕೆ ಯಾವುದು ಒಳ್ಳೆಯದು ಎಂದ.

"ನಲವತ್ತೈದಕ್ಕೆ ಕಿಟಕಿ ತೆಗೀರಿ ಸಾರ್. ಸಾಕು."

ಹೇಗೂ ಮಾವನ ಕಾರಿನಂಥ ಹಳೇ ಮಾದರಿಗೆ ಇದರಲ್ಲಿ ಯಾವುದನ್ನೇ ತರಿಸಿದರೂ ಆರು ವಾರವಾಗುತ್ತಿತ್ತು. ಚೀಟಿಯ ಬಳಿ ಇದ್ದದ್ದು ಎರಡು ವಾರಕ್ಕಿಂತ ಒಂದು ದಿನ ಕಡಿಮೆ.

ಡಾಕ್ಟರು ಮಾತ್ರ ತನ್ನದನ್ನು ತಿಂಗಳ ಹಿಂದೆಯೇ ತರಿಸಿಟ್ಟುಕೊಂಡಿದ್ದ. ಮೂರನೆಯ ಬಗೆಯದು. ಭಾನುವಾರ ಬೆಳಿಗ್ಗೆ ಮಾವನ ಮನೆಯ ಮುಂದೆ ಅಂಗಿಯ ತೋಳು ಮಡಚಿ, ಎಡಗಡೆಯ ಹೆಡ್‌ಲೈಟನ್ನು ಯಾವ ಉದ್ವೇಗವೂ ಇಲ್ಲದೆ ಕಿತ್ತು ಬಟ್ಟೆಯ ಮೇಲಿಟ್ಟ. ನೋಡಲಾರದೆ ಮುಖ ತಿರುಗಿಸಿದ ಚೀಟಿಗೆ, ಒಂದು ಕಿತ್ತರೆ ಏನೂ ಆಗುವುದಿಲ್ಲ, ಪಕ್ಕದ್ದು ಗಟ್ಟಿಯಾಗಿದ್ದರೆ ಸಾಕು ಎಂದು ವೃತ್ತಿಪರ ಸಮಾಧಾನ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಗಂಟೆಗೆ ನೂರಾ ಅರವತ್ತನಾಲ್ಕು ಕಿಲೋಮೀಟರ್. ಕ್ಲಬ್ಬಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರಂತೆ.

ಅದಕ್ಕಿಂತ ದೊಡ್ಡ ಸುದ್ದಿ ಮಾವನದು. ಕಾರಿನಿಂದ ಇಳಿದವರು ಮಾತಾಡಿರಲಿಲ್ಲ. ಮನೆಗೆ ಬಂದು ಮಲಗಿದವರು ಎದ್ದಿರಲಿಲ್ಲ. ಮಂಗಳವಾರ ಅತ್ತೆ ಫೋನು ಮಾಡಿ, ಏನು ಕೇಳಿದರೂ ಅವರು ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿ ತೋರಿಸುತ್ತಾರೆ, ಅಷ್ಟೇ ಎಂದರು. ಕಾರು ಹೇಗಿತ್ತು ಎಂದರೆ ಕೈ ಮೇಲೆ. ಡಾಕ್ಟರು ಹೇಗೆ ಓಡಿಸಿದರು ಎಂದರೆ ಕೈ ಇನ್ನೂ ಮೇಲೆ. ಈ ಕೈಯ ಬಗ್ಗೆ ಮನೆಯವರೆಲ್ಲ ಕೂತು ಚರ್ಚೆ ಮಾಡಿದರು. ಖುಷಿ ಮುಗಿಲು ಮುಟ್ಟಿದೆ ಎಂದು ದೊಡ್ಡ ಮಗಳು ಅರ್ಥ ಹೇಳಿದಳು. ಅದಲ್ಲ, ಇದಕ್ಕಿಂತ ಮೇಲೆ ಹೋಗಬೇಕು ಎನ್ನುತ್ತಿದ್ದಾರೆ ಎಂದು ಡಾಕ್ಟರು ತಿದ್ದಿದ. ಅಪ್ಪನ ಕಣ್ಣಲ್ಲಿ ನೀರು ಬರುತ್ತಿದೆ ಎಂಬುದು ಎರಡೂ ವಾದಕ್ಕೆ ಪುಷ್ಟಿ ಕೊಟ್ಟಿತು.

"ನಿಮ್ಮ ಮಾವಂಗೆ ಇಷ್ಟು ಸಂತೋಷ ಆಗಿದ್ದು ನಾನು ನೋಡೇ ಇಲ್ಲ," ಎಂದು ಅತ್ತೆ ಫೋನಿನಲ್ಲಿ ಮೂಗು ಒರೆಸಿಕೊಂಡರು. "ನೀವು ಏನ್ಮಾಡ್ತೀರೋ ಏನೋ, ನೂರಾ ಎಂಬತ್ತಾದ್ರೂ ಹೊಡೀಲೇಬೇಕು."

ಚೀಟಿ ಫೋನು ಇಟ್ಟು ನೇರ ಕಾರ್ಖಾನೆಗೆ ಹೋದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆಯಾದರೆ, ಅವನಿಗೆ ಮೇಸ್ತ್ರಿ ಇದ್ದ.

ಮೇಸ್ತ್ರಿ ಮೂವತ್ತು ವರ್ಷದಿಂದ ನಾಳ ಮಡಚುತ್ತಿದ್ದವನು. ತಗಡನ್ನು ಕಾಗದದ ಹಾಗೆ ನೋಡುತ್ತಿದ್ದ, ಕಾಗದವನ್ನು ನೋಡುತ್ತಲೇ ಇರಲಿಲ್ಲ. ಚೀಟಿ ಹೇಳಿದ್ದನ್ನೆಲ್ಲ ಕೇಳಿ, ಇಷ್ಟು ದಿನ ಯಾಕಪ್ಪ ಸುಮ್ಮನಿದ್ದೆ ಎಂದು ಬೈದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾರಿನ ಚಿತ್ರ ಬರೆದ. ಅದು ನಾಲ್ಕು ಚಕ್ರದ ಮೇಲೆ ನಿಂತ ಎರಡು ಕೋಣೆಯ ಮನೆಯಂತಿತ್ತು. ಗಾಳಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು, ನಿಮಿಷಕ್ಕೆ ಎಷ್ಟು? ಪ್ರಶ್ನೆ ಇಷ್ಟೇ. ಸ್ಪೋರ್ಟ್ಸ್ ಕಾರು, ಆಸ್ಪತ್ರೆ, ಸಿನಿಮಾ ಮಂದಿರ, ಎಲ್ಲಕ್ಕೂ ಇಷ್ಟೇ. ಎರಡು ಲೀಟರಿನ ಇಂಜಿನ್ನು ಪೂರ್ತಿ ತಿರುಗಿದರೆ ನಿಮಿಷಕ್ಕೆ ಆರು ಘನ ಮೀಟರ್ ಗಾಳಿ ಎಂದು ಲೆಕ್ಕ ಬಂತು. ಇದೇನು ಮಹಾ, ಇಂಥ ಹತ್ತು ಕಾರಿಗೆ ಆಗುವಷ್ಟು ಗಾಳಿಯನ್ನು ಮೊನ್ನೆ ಒಂದು ಹೋಟೆಲಿನ ಪಾತ್ರೆ ತೊಳೆಯುವ ಕೋಣೆಗೆ ಕೊಟ್ಟಿದ್ದೇವೆ ಎಂದು ಮೇಸ್ತ್ರಿ ನಕ್ಕ.

ಮೂರು ಸಂಜೆಯಲ್ಲಿ ನಾಳ ಸಿದ್ಧವಾಯಿತು. ಬಾನೆಟ್ ಕೊಯ್ಯಲಿಲ್ಲ, ಕಣ್ಣು ಕೀಳಲಿಲ್ಲ, ಡಾಕ್ಟರು ಕಿತ್ತಿದ್ದ ಕಣ್ಣೂ ಮತ್ತೆ ಜಾಗಕ್ಕೆ ಬಂತು. ಬಂಪರಿನ ಕೆಳಗಿನ ಸಂದಿಯಲ್ಲಿ ಅಂಚೆ ಡಬ್ಬಿಯಂಥ ಅಗಲ ಬಾಯಿ. ಅಲ್ಲಿಂದ ಚೌಕನೆಯ ಹೊಳೆಯುವ ತಗಡಿನ ಕೊಳವೆ ಮೂರು ಸಲ ಶಿಸ್ತಾಗಿ ಮಡಚಿಕೊಂಡು ಇಂಜಿನ್ನಿಗೆ ಹೋಗುತ್ತಿತ್ತು. ಹಕ್ಕಿ ಗೂಡು ಕಟ್ಟದಿರಲೆಂದು ಬಾಯಿಗೆ ಜಾಲರಿ. ನೀರು ಇಳಿದು ಹೋಗಲು ತಳದಲ್ಲಿ ತೂತು. ಕಾರಿನೊಳಗೆ ಪುಟ್ಟದೊಂದು ಆಸ್ಪತ್ರೆಯ ತಾರಸಿಯನ್ನೇ ಇಟ್ಟಂತೆ ಕಾಣುತ್ತಿತ್ತು.

ಕೊನೆಗೆ ಮೇಸ್ತ್ರಿ ಕಪಾಟಿನಿಂದ ಒಂದು ಡ್ಯಾಂಪರ್ ತೆಗೆದ. ಕಾರ್ಖಾನೆಯಲ್ಲಿ ಅದಕ್ಕೆ ಬೆಂಕಿಬಾಗಿಲು ಎನ್ನುತ್ತಿದ್ದರು. ನಾಳದೊಳಗೆ ಕೂರುವ ಸಣ್ಣ ಕಬ್ಬಿಣದ ಬಾಗಿಲು, ಹಿಂದೆ ಸ್ಪ್ರಿಂಗು, ಅದನ್ನು ತೆರೆದು ಹಿಡಿದುಕೊಳ್ಳಲು ಬೆಸುಗೆಯ ಒಂದು ಪಟ್ಟಿ. ಶಾಖ ಎಪ್ಪತ್ತೆರಡು ಡಿಗ್ರಿ ಮುಟ್ಟಿದರೆ ಬೆಸುಗೆ ಕರಗುತ್ತದೆ, ಬಾಗಿಲು ಬೀಳುತ್ತದೆ, ಬೆಂಕಿಗೆ ಗಾಳಿ ಸಿಗುವುದಿಲ್ಲ. ಕಟ್ಟಡ ಉಳಿಯುತ್ತದೆ. ಒಲೆ ಇರುವ ಕೋಣೆಗೆ ಹೋಗುವ ಯಾವ ನಾಳವೂ ಬೆಂಕಿಬಾಗಿಲಿಲ್ಲದೆ ಈ ಕಾರ್ಖಾನೆಯಿಂದ ಹೊರಗೆ ಹೋದದ್ದಿಲ್ಲ.

ಇಂಜಿನ್ನಿನ ಹತ್ತಿರ ಬಿಸಿ ಇದ್ದೇ ಇರುತ್ತದಲ್ಲ, ಬಾಗಿಲು ಮುಚ್ಚಿದರೆ ಕಾರು ನಿಂತುಹೋಗುವುದಿಲ್ಲವೇ ಎಂದು ಚೀಟಿ ಅನುಮಾನಪಟ್ಟ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಅವನು ಸುತ್ತಿಗೆ ಕೆಳಗಿಟ್ಟು ಮಾತಾಡುವುದು ವರ್ಷಕ್ಕೊಮ್ಮೆ.

"ಇಂಜಿನ್ ಒಳಗೆ ಉರೀತಿರೋದೇನು?"

"ಪೆಟ್ರೋಲು."

"ಅಂದ್ರೆ ಅದು ಒಲೆ. ಒಲೆ ಇರೋ ಕೋಣೇಲಿ ಬೆಂಕಿ ಬಿದ್ರೆ ಗಾಳಿ ನಿಲ್ಬೇಕೋ ಬೇಡ್ವೋ?"

ಬೆಂಕಿಬಾಗಿಲು ಹೊಗೆ ಕೊಳವೆಯಿಂದ ಒಂದು ಗೇಣು ದೂರದಲ್ಲಿ ಕೂತಿತು. ಚೀಟಿಯೇ ಅಭ್ಯಾಸಬಲದಿಂದ ಮೇಲೊಂದು ಚೀಟಿ ಅಂಟಿಸಿದ. 'ಕಾರು, ಮುಂಭಾಗ, ಒಳಕ್ಕೆ. ಪರೀಕ್ಷಿಸಲಾಗಿದೆ.'

ಇಷ್ಟರಲ್ಲಿ ಸುದ್ದಿ ಚೀಟಿಯ ಮನೆಯಿದ್ದ ಕಟ್ಟಡದಲ್ಲೂ ಹಬ್ಬಿತ್ತು. ಶುಕ್ರವಾರ ಸಂಜೆ ಚೀಟಿ ಕಾರನ್ನು ಅಲ್ಲಿಯ ಅಂಗಳಕ್ಕೆ ತಂದು ನಿಲ್ಲಿಸಿದಾಗ, ನಿವಾಸಿಗಳ ಸಂಘದ ಕಾರ್ಯದರ್ಶಿ ಕಡತ ಹಿಡಿದುಕೊಂಡು ಕಾಯುತ್ತಿದ್ದರು. ಯಂತ್ರ ನಿಮಿಷಕ್ಕೆ ಎಷ್ಟು ಗಾಳಿ ಎಳೆಯುತ್ತದೆ ಎಂದು ವಿಚಾರಿಸಿದರು. ಇಂಥ ಪ್ರಶ್ನೆಗೆ ವಿನಯದಿಂದ ಉತ್ತರಿಸುವುದು ಚೀಟಿಗೆ ಹುಟ್ಟಾ ಬಂದದ್ದಲ್ಲ. ಎದೆ ಸೆಟೆಸಿ, ಒಂದು ಮಲಗುವ ಕೋಣೆಯ ಗಾಳಿಯನ್ನು ಐದೇ ನಿಮಿಷದಲ್ಲಿ ಖಾಲಿ ಮಾಡುತ್ತದೆ ಎಂದ.

ನೆಲ ಅಂತಸ್ತಿನ ಅಜ್ಜಿಯ ಮಲಗುವ ಕೋಣೆಯ ಕಿಟಕಿ ಅದೇ ಅಂಗಳಕ್ಕಿತ್ತು. ಅದು ತಕ್ಷಣ ಮುಚ್ಚಿಕೊಂಡಿತು. ಒಂದು ನಿಮಿಷದಲ್ಲಿ ಅಜ್ಜಿಯೇ ಹೊರಬಂದು, ತಾನು ಬಾಡಿಗೆ ಕೊಡುವುದು ಗಾಳಿಯನ್ನೂ ಸೇರಿಸಿ ಎಂದರು. ಕಾರ್ಯದರ್ಶಿ ನಿಯಮಾವಳಿ ತಿರುವಿದರು. ಅಂಗಳ, ಮೆಟ್ಟಿಲು, ನೀರಿನ ಟ್ಯಾಂಕು ಸಾರ್ವಜನಿಕ ಸೊತ್ತೆಂದು ಬರೆದಿತ್ತು, ಗಾಳಿಯ ಮಾತೇ ಇರಲಿಲ್ಲ. ಹಾಗಾಗಿ ಪ್ರಯೋಗ ಮಾಡಿ ನೋಡುವುದೆಂದು ಗೊತ್ತಾಯಿತು. ಇಂಜಿನ್ನು ಚಾಲೂ ಮಾಡಿಸಿ, ಕಾರ್ಯದರ್ಶಿ ತಮ್ಮ ಕರವಸ್ತ್ರವನ್ನು ಎರಡು ಬೆರಳಿನಿಂದ ಹಿಡಿದು ನಾಳದ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೂರು ಮಹಡಿಯ ಜನ ಕಿಟಕಿಗಳಿಂದ ಬಗ್ಗಿ ನೋಡಿದರು. ಕರವಸ್ತ್ರ ಒಂದಿಷ್ಟು ಅಲ್ಲಾಡಿತು.

ಇಷ್ಟೇ ಅಲ್ಲಾಡಿದ್ದು ಎಂದು ಚೀಟಿ, ಇಷ್ಟೊಂದು ಅಲ್ಲಾಡಿತಲ್ಲ ಎಂದು ಅಜ್ಜಿ. ಕಾರ್ಯದರ್ಶಿ ಎರಡನ್ನೂ ಬರೆದುಕೊಂಡು, ಭಾನುವಾರದ ನಂತರ ಈ ನಾಳ ಅಂಗಳದಲ್ಲಿ ಕಾಣಕೂಡದೆಂದು ತೀರ್ಪಿತ್ತರು. ಅಜ್ಜಿ ಒಳಗೆ ಹೋಗುವಾಗ ಒಂದು ಸಲ ದೀರ್ಘವಾಗಿ ಉಸಿರು ಎಳೆದು, ಇನ್ನೂ ಉಳಿದಿದೆ ಎಂಬುದನ್ನು ಖಚಿತ ಮಾಡಿಕೊಂಡರು.

ಭಾನುವಾರ ಬಂತು. ಪಾಳು ವಿಮಾನ ನಿಲ್ದಾಣದ ಕಾಂಕ್ರೀಟಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಬಿಸಿಲು ಬೆಳಿಗ್ಗೆಯಿಂದಲೇ ಚುರುಗುಟ್ಟುತ್ತಿತ್ತು. ಅತ್ತೆ, ಎರಡೂ ಹೆಣ್ಣುಮಕ್ಕಳು, ಡಾಕ್ಟರು, ಜೊತೆಗೆ ತಾನು ಕಟ್ಟಿದ ನಾಳ ಮೊದಲ ಬಾರಿಗೆ ಓಡುವುದನ್ನು ನೋಡಲೇಬೇಕೆಂದು ಹಟ ಹಿಡಿದು ಬಂದ ಮೇಸ್ತ್ರಿ, ಎಲ್ಲರೂ ಹಗ್ಗದಾಚೆ ನಿಂತಿದ್ದರು. ಮಾವ ಹಾಸಿಗೆ ಬಿಟ್ಟು ಎದ್ದಿದ್ದರು. ಬಿಳಿಚಿಕೊಂಡಿದ್ದರು. ಯಾರೊಂದಿಗೂ ಮಾತಿಲ್ಲದೆ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು.

ಕ್ಲಬ್ಬಿನ ತಪಾಸಣೆ ಅಧಿಕಾರಿ ಬಾನೆಟ್ ಎತ್ತಿಸಿದ. ಹದಿನೈದು ವರ್ಷದಲ್ಲಿ ಅವನು ಎಂತೆಂಥವನ್ನೋ ನೋಡಿದ್ದ, ಜಾಲರಿ ಹಾಕಿದ ಚೌಕನೆಯ ನಾಳ ನೋಡಿರಲಿಲ್ಲ. ಬಗ್ಗಿದ, ತಟ್ಟಿದ, ಕಡೆಗೆ ಚೀಟಿಯ ಚೀಟಿ ಕಣ್ಣಿಗೆ ಬಿತ್ತು. 'ಪರೀಕ್ಷಿಸಲಾಗಿದೆ' ಎಂದು ಓದಿ ನಿರಾಳನಾದ. ಯಾರೋ ಪರೀಕ್ಷಿಸಿದ್ದನ್ನು ತಾನು ಮತ್ತೆ ಪರೀಕ್ಷಿಸಿದರೆ ಆ ಯಾರಿಗೋ ಅವಮಾನ ಎಂಬ ಸೂಕ್ಷ್ಮ ಎಲ್ಲ ಅಧಿಕಾರಿಗಳಲ್ಲೂ ಇರುತ್ತದೆ. ತನ್ನ ಹಾಳೆಯಲ್ಲಿ ಸರಿ ಗುರುತು ಹಾಕಿದ.

ಮುಂದೆ ನಾಲ್ಕು ಕಾರುಗಳಿದ್ದವು. ಇಂಜಿನ್ನು ಆರಿಸಿದರೆ ಮತ್ತೆ ಹೊತ್ತಿಕೊಳ್ಳದೇನೋ ಎಂಬ ಭಯದಿಂದ ಚೀಟಿ ಇಪ್ಪತ್ತು ನಿಮಿಷವೂ ಅದನ್ನು ಬಿಸಿಲಲ್ಲಿ ಉರಿಸುತ್ತಲೇ ನಿಂತ. ಮಾವ ನೇರ ಮುಂದಕ್ಕೆ ನೋಡುತ್ತಿದ್ದರು. ಅವನು ಬೆವರುತ್ತಿದ್ದ. ಬಾನೆಟ್ಟಿನ ಕೆಳಗೆ ಬೆಸುಗೆಯ ಪಟ್ಟಿಯೂ ಬೆವರುತ್ತಿತ್ತು ಎನ್ನಬಹುದು.

ಬಾವುಟ ಬಿತ್ತು. ಚೀಟಿ ಪೆಡಲ್ ಒತ್ತಿದ. ಅರವತ್ತು. ಇಳಿಜಾರಿಲ್ಲದೆಯೂ ಅರವತ್ತು ಬರುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು. ಎಪ್ಪತ್ತು. ಹುಲ್ಲು ಗೆರೆಯಾಯಿತು. ಎಂಬತ್ತೈದು. ಕಾಲುವೆ, ಕಂಬ ಎಂದು ಮನಸ್ಸಿನಲ್ಲೇ ಜಪಿಸುತ್ತ ಇನ್ನೂ ಒತ್ತಿದ. ತೊಂಬತ್ತು. ಆಗ ಪಕ್ಕದಲ್ಲಿ ಮಾವನ ಬಲಗೈ ನಿಧಾನವಾಗಿ ನೆಟ್ಟಗೆ ಮೇಲಕ್ಕೆದ್ದಿತು.

ಇನ್ನೂ ಮೇಲೆ ಎನ್ನುತ್ತಿದ್ದಾರೆ ಎಂದುಕೊಂಡ ಚೀಟಿ ಕಣ್ಣು ಕಿರಿದು ಮಾಡಿ, ಇದ್ದಬದ್ದ ಧೈರ್ಯವನ್ನೆಲ್ಲ ಬಲಗಾಲಿಗೆ ಇಳಿಸಿದ. ಬಾನೆಟ್ಟಿನ ಕೆಳಗೆ ಟಕ್ ಎಂಬ ಸದ್ದಾಯಿತು. ಇಂಜಿನ್ನು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಕಾರು ತನ್ನಷ್ಟಕ್ಕೆ ಉರುಳುತ್ತ, ತೊಂಬತ್ತರಿಂದ ಐವತ್ತಕ್ಕೆ, ಐವತ್ತರಿಂದ ಇಪ್ಪತ್ತಕ್ಕೆ ಇಳಿದು, ಬಯಲಿನ ನಟ್ಟನಡುವೆ ನಿಂತಿತು. ಎಲ್ಲೋ ಒಂದು ಹಕ್ಕಿ ಕೂಗುತ್ತಿತ್ತು.

"ನಿಂತಿತಾ?" ಎಂದರು ಮಾವ. ವಾರದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು.

"ನಿಂತಿತು, ಮಾವ."

"ಮತ್ತೆ ಹೊರಡುತ್ತಾ?"

"ಇವತ್ತು ಹೊರಡಲ್ಲ."

ಮಾವ ಕೈ ಕೆಳಗಿಳಿಸಿ, ಹೋದ ಭಾನುವಾರ ಹಿಡಿದಿಟ್ಟ ಉಸಿರನ್ನು ಈಗ ಬಿಟ್ಟರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

"ಬದುಕಿಸಿದ್ರಿ, ಅಳಿಯಂದ್ರೇ. ಕೈ ಎತ್ತಿದ ತಕ್ಷಣ ನಿಲ್ಲಿಸಿದ್ರಲ್ಲ. ನಮ್ಮ ರೈಲಿನೋರ ಭಾಷೆ ನಿಮ್ಗೊಬ್ರಿಗೇ ಅರ್ಥ ಆಗಿದ್ದು."

ಕೈ ಎತ್ತಿದರೆ ನಿಲ್ಲಿಸು ಎಂದರ್ಥ. ನಲವತ್ತು ವರ್ಷ ಹಳಿಯ ಪಕ್ಕ ಯಾರು ಕೈ ಎತ್ತಿದರೂ ಮಾವ ಗಾಡಿ ನಿಲ್ಲಿಸಿದ್ದರು. ಹೋದ ವಾರ ಇದೇ ಸೀಟಿನಲ್ಲಿ ಕೂತು ಕೈ ಎತ್ತಿದ್ದರು, ಡಾಕ್ಟರು ನಕ್ಕು ಇನ್ನಷ್ಟು ಒತ್ತಿದ್ದ. ಎರಡೂ ಕೈ ಎತ್ತಿದರೆ ಮತ್ತಷ್ಟು ಒತ್ತಿದ್ದ. ಮನೆಯಲ್ಲಿ ಮಲಗಿಯೂ, ಯಾರು ಆ ಕಾರಿನ ಸುದ್ದಿ ಎತ್ತಿದರೂ ಕೈ ತಾನಾಗಿ ಏಳುತ್ತಿತ್ತು. ಹೆಂಡತಿ ಮಕ್ಕಳು ಅದನ್ನು ನೋಡಿ ಕೊಂಡಾಡುತ್ತಿದ್ದರು. ಹೆದರಿಕೆಯಾಯಿತು ಎಂದು ಬಾಯಿಬಿಟ್ಟು ಹೇಳಲು, ರೈಲು ಓಡಿಸಿದವನ ಮರ್ಯಾದೆ ಬಿಡಲಿಲ್ಲ.

"ನಾನು ಓಡಿಸಿದ್ದು ಗೂಡ್ಸ್ ಗಾಡಿ," ಎಂದರು ಮಾವ ತಗ್ಗಿದ ದನಿಯಲ್ಲಿ. "ಐವತ್ತರ ಮೇಲೆ ಹೋಗೋ ಹಾಗೇ ಇರ್ಲಿಲ್ಲ. ಈ ಕಾರನ್ನೂ ಐವತ್ತರ ಮೇಲೆ ಓಡಿಸಿದ್ದಿಲ್ಲ."

ಅದು ಗೂಡ್ಸ್ ಗಾಡಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಮಾವನಿಗೆ ವೇಗದ ರೂಢಿಯೇ ಇಲ್ಲವಲ್ಲ ಎಂದು ಯೋಚಿಸಿದವರು ಯಾರೂ ಇರಲಿಲ್ಲ.

ಚೀಟಿ ಈಗ ಸುಮ್ಮನಿದ್ದಿದ್ದರೆ ಕಾರು ಅವನದಾಗುತ್ತಿತ್ತು. ಹೊಗಳಿಕೆ ಹೇಗೂ ತಾನಾಗಿ ಮಡಿಲಿಗೆ ಬಿದ್ದಿತ್ತು. ಆದರೆ ಮಾವನ ಕನ್ನಡಕವಿಲ್ಲದ ಬರಿಗಣ್ಣು ಅವನನ್ನೇ ನೋಡುತ್ತಿತ್ತು, ಅದೂ ಅವನು ಕೂತ ಜಾಗಕ್ಕಿಂತ ಸ್ವಲ್ಪ ಎಡಕ್ಕೆ.

"ನಾನು ನಿಲ್ಲಿಸ್ಲಿಲ್ಲ, ಮಾವ. ಅದಾಗೇ ನಿಂತಿದ್ದು. ನಾನೂ ಜೋರು ಮಾಡ್ದೆ."

ಒಂದನ್ನು ಬಾಯಿಬಿಟ್ಟ ಮೇಲೆ ಉಳಿದದ್ದೂ ಹೊರಬಂತು. ಆವತ್ತು ಊಟಕ್ಕೆ ಕೂತಾಗ ಏನನ್ನೂ ಆರಿಸಿರಲಿಲ್ಲ, ರ‍್ಯಾಮ್ ಏರ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಗಾಳಿಯ ಬಗ್ಗೆ ತನಗೆ ಗೊತ್ತಿರುವುದು ಅದು ಹೋಗುವ ಕೊಳವೆಗೆ ಯಾವ ಚೀಟಿ ಅಂಟಿಸಬೇಕೆಂಬುದಷ್ಟೇ. ಬಚ್ಚಲ ಕಿಟಕಿಯ ವಿಷಯದಲ್ಲಿ ಹೇಳಿದ್ದೂ ಊಹೆ.

ಮಾವ ಕನ್ನಡಕ ಹಾಕಿಕೊಂಡರು. "ಬಚ್ಚಲು ಒಣಗಿತಲ್ಲ," ಎಂದರು.

ಅಷ್ಟರಲ್ಲಿ ಹಗ್ಗ ದಾಟಿ ಎಲ್ಲರೂ ಓಡಿಬಂದರು. ಎಲ್ಲರಿಗಿಂತ ಮೊದಲು ಮುಟ್ಟಿದವನು ಮೇಸ್ತ್ರಿ. ಬಂದವನೇ ಬಾನೆಟ್ ಎತ್ತಿ, ನಾಳದ ತಟ್ಟೆ ಬಿಚ್ಚಿ, ಒಳಗೆ ನೋಡಿದ. ಬಾಗಿಲು ಕೂದಲೆಳೆಯ ಸಂದಿಯೂ ಇಲ್ಲದ ಹಾಗೆ ಮುಚ್ಚಿಕೊಂಡಿತ್ತು. ಮೂವತ್ತು ವರ್ಷದಲ್ಲಿ ಅವನು ಸಾವಿರಾರು ಬೆಂಕಿಬಾಗಿಲು ಕೂರಿಸಿದ್ದ. ಯಾವ ಕಟ್ಟಡಕ್ಕೂ ಬೆಂಕಿ ಬಿದ್ದಿರಲಿಲ್ಲ, ಹಾಗಾಗಿ ಒಂದೂ ಮುಚ್ಚಿರಲಿಲ್ಲ. ತಾನು ಮಾಡಿದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಸಂಶಯವನ್ನು ಯಾರಿಗೂ ಹೇಳದೆ ಇಷ್ಟು ಕಾಲ ಸಾಕಿಕೊಂಡು ಬಂದಿದ್ದ. ಈಗ ಅವನು ತಪಾಸಣೆ ಅಧಿಕಾರಿಯ ತೋಳು ಹಿಡಿದು, ನೋಡಿ ಸಾರ್, ನೋಡಿ ಎನ್ನುತ್ತ ಮಗು ಹುಟ್ಟಿದ ಮನೆಯವನ ಹಾಗೆ ಎಲ್ಲರನ್ನೂ ಕರೆದು ತೋರಿಸಿದ. ಅಧಿಕಾರಿ ನೋಡಿದ. ನಿಂತ ಕಾರಣ ಎಂಬಲ್ಲಿ ಸ್ವಲ್ಪ ಯೋಚಿಸಿ, 'ಸುರಕ್ಷತೆ' ಎಂದು ಬರೆದ. ಹದಿನೈದು ವರ್ಷದಲ್ಲಿ ಆ ಕಾರಣಕ್ಕೆ ನಿಂತ ಕಾರು ಇದೊಂದೇ.

ಮಾವ ಕಾರಿನಿಂದ ಇಳಿದು, ಬಾಗಿಲಿನ ಮೇಲೆ ಕೈ ಊರಿ, ಕಾರು ಚಿಕ್ಕಳಿಯಂದಿರಿಗೆ ಎಂದರು. ಡಾಕ್ಟರು ಸುಮ್ಮನಿರಲಿಲ್ಲ. ಹಲಗೆಯ ಮೇಲಿನ ಅಂಕಿ ತೋರಿಸಿ, ತನ್ನದು ನೂರಾ ಅರವತ್ತನಾಲ್ಕು, ಇವನದು ಅರ್ಧ ಸುತ್ತೂ ಆಗಿಲ್ಲ, ಇದು ಯಾವ ಊರ ನ್ಯಾಯ ಎಂದು ಕೇಳಿದ.

"ಅಲ್ಲ ಡಾಕ್ಟ್ರೇ," ಎಂದರು ಮಾವ, "ಹಲ್ಲು ಕೀಳುವಾಗ ರೋಗಿ ಕೈ ಎತ್ತಿದ್ರೆ ಏನು ಮಾಡ್ತೀರಿ?"

"ನಿಲ್ಲಿಸ್ತೀನಿ," ಎಂದ ಡಾಕ್ಟರು. ಆಮೇಲೆ ಹೋದ ಭಾನುವಾರ ನೆನಪಾಗಿ ಅವನ ಮುಖದಲ್ಲಿ ಏನೋ ಓಡಾಡಿತು. ಅವನ ಹೆಂಡತಿ ಅಕ್ಕಪಕ್ಕ ನೋಡದೆ ತಂಗಿಯ ಹೆಗಲ ಮೇಲೆ ತಲೆಯಿಟ್ಟು, ಸದ್ಯ, ಈ ಮೂರನೇ ಕಾರಿನ ಗತೀನ ನಾನು ನೋಡೋದು ತಪ್ಪಿತಲ್ಲ ಎಂದಳು. ಅತ್ತೆ ಮಾತ್ರ ಗಂಡನನ್ನು ಮೇಲಿಂದ ಕೆಳಗೆ ನೋಡಿ, ವಾರದಿಂದ ತಾನು ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡ ಸಂತೋಷ ಇದೇನಾ ಎಂದು ವಿಚಾರಿಸಿದರು. ಮಾವ ಮತ್ತೆ ಕನ್ನಡಕ ಒರೆಸತೊಡಗಿದರು.

ನೆರಳು ಸಿಕ್ಕ ಕಡೆ ಕಾರು ತಳ್ಳಿ, ಮೇಸ್ತ್ರಿ ನಾಳ ಬಿಚ್ಚಿದ, ಹಳೆಯ ಫಿಲ್ಟರ್ ಡಬ್ಬಿ ಮತ್ತೆ ಕೂರಿಸಿದ. ಮುಚ್ಚಿದ ಬಾಗಿಲನ್ನು ಯಾರಿಗೂ ಕೊಡದೆ ಕರವಸ್ತ್ರದಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಸ್ಸಿಗೆ ಹೋದ. ಉಳಿದವರು ಡಾಕ್ಟರ ಮನೆಯ ದೊಡ್ಡ ಗಾಡಿಯಲ್ಲಿ ಹೊರಟರು. ಓಡಿಸಿದವಳು ಅವನ ಹೆಂಡತಿ.

ಕೆಂಪು ಕಾರಿನಲ್ಲಿ ಉಳಿದವರು ಇಬ್ಬರೇ. ಚೀಟಿ ಕೀಲಿ ತಿರುಗಿಸಿದ. ಇಂಜಿನ್ನು ಏನೂ ಆಗದ ಹಾಗೆ ಎದ್ದಿತು. ನೇರವಾದ ಉದ್ದನೆಯ ರಸ್ತೆ. ಒಂದು ಬಸ್ಸು ಅವರನ್ನು ದಾಟಿ ಹೋಯಿತು, ಅದರ ಹಿಂದೆಯೇ ತರಕಾರಿ ಹೇರಿದ ಒಂದು ಟೆಂಪೋ ಹಾರನ್ ಹೊಡೆದು ದಾಟಿ ಹೋಯಿತು. ಮಾವ ಕಿಟಕಿ ಇಳಿಸಿಕೊಂಡು ಗಾಳಿಗೆ ಮುಖ ಒಡ್ಡಿದರು. ಮುಖಕ್ಕೆ ಬಣ್ಣ ಬಂದಿತ್ತು.

"ಎಷ್ಟರಲ್ಲಿ ಹೋಗ್ತಿದ್ದೀವಿ?"

"ನಲವತ್ತೆರಡು, ಮಾವ."

ಮಾವ ಕಣ್ಣು ಕಿರಿದು ಮಾಡಿ ರಸ್ತೆಯನ್ನು ಬಹಳ ಹೊತ್ತು ನೋಡಿದರು.

"ಮುಂದೆ ತಿರುವಿದೆ. ಸ್ವಲ್ಪ ನಿಧಾನ ಮಾಡಿ."

ಕಣ್ಣಿಗೆ ಎಟುಕುವಷ್ಟು ದೂರದವರೆಗೂ ತಿರುವು ಇರಲಿಲ್ಲ. ಚೀಟಿ ಮೂವತ್ತೈದಕ್ಕೆ ಇಳಿಸಿದ.